ಕಾರಿಗೆ ಕಟ್ಟಿದ ಜೂಲ

ನಮ್ಮ ಮನೆಯ ಕಾರು ಯಾಕೆ ಕುದಿಯುತ್ತದೆ ಎಂದು ಹುಡುಕಿದವರು ಇಬ್ಬರು. ಒಬ್ಬ ಡ್ರೈವರ್, ಇನ್ನೊಬ್ಬರು ನಮ್ಮ ಅತ್ತೆ. ಡ್ರೈವರ್ ಕಾರಿನ ಒಂದೊಂದೇ ಭಾಗ ಬಿಚ್ಚಿ ನೋಡಿದ. ಅತ್ತೆ ಒಬ್ಬೊಬ್ಬಳೇ ಸೊಸೆಯನ್ನು ಕೂರಿಸಿ ನೋಡಿದರು. ಕಾರಣ ಸಿಕ್ಕಿದ್ದು ಡ್ರೈವರನಿಗೆ, ತೀರ್ಪು ಕೊಟ್ಟಿದ್ದು ಅತ್ತೆ. ನಡುವೆ ನಾನು ಮಾಡಿದ ಕೆಲಸ ಒಂದಿದೆ. ಅದನ್ನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿರುವುದು ಮನಸ್ಸು ಹಗುರವಾಗಲಿ ಎಂದಲ್ಲ. ಕೇಳಿ ನೊಂದುಕೊಳ್ಳುವವರು ಯಾರೂ ಉಳಿದಿಲ್ಲ, ಅಷ್ಟೇ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಆಗ ಆದೋನಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಮಾವನವರದು ಹತ್ತಿ ವ್ಯಾಪಾರ. ಇಬ್ಬರು ಗಂಡುಮಕ್ಕಳಿಗೂ ಒಂದೇ ಹಂದರದಲ್ಲಿ, ಒಂದೇ ದಿನ ಮದುವೆ ಮಾಡಿ ಮುಗಿಸಿದರು. ದೊಡ್ಡವನಿಗೆ ಚಿಪ್ಪಗಿರಿಯ ಹುಡುಗಿ, ಸಣ್ಣವನಿಗೆ ಬೆಳಗಲ್ಲಿನ ನಾನು. ಅದೇ ತಿಂಗಳು ಕಾರೂ ಬಂತು. ಜಿನ್ನಿಂಗ್ ಮಿಲ್ಲಿನ ದೊರೆಯೊಬ್ಬ ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದ ಹಳೇ ಗಾಡಿ. ಕಪ್ಪು ಬಣ್ಣ, ಬಟ್ಟೆಯ ಟಾಪು, ಮುಂದುಗಡೆ ಹಿತ್ತಾಳೆ ಅಂಚಿನ ದೊಡ್ಡ ರೇಡಿಯೇಟರ್. ಆ ಮಾತು ನಮ್ಮ ಬಾಯಲ್ಲಿ ತಿರುಗುತ್ತಿರಲಿಲ್ಲ. ನೀರಿನ ಪೆಟ್ಟಿಗೆ ಎನ್ನುತ್ತಿದ್ದೆವು.

ಕಾರಿಗೆ ಮುಂಚೆ ಮನೆಯಲ್ಲಿ ಸವಾರಿ ಗಾಡಿ ಇತ್ತು. ಗಂಡಸರು ವ್ಯಾಪಾರಕ್ಕೆ ಹೋಗುವಾಗ ಎತ್ತುಗಳು ಬರಿಮೈಯಲ್ಲಿ ಹೋಗುತ್ತಿದ್ದವು. ಹೆಂಗಸರು ಹತ್ತಿದರೆ ಮಾತ್ರ ಅವಕ್ಕೆ ಜೂಲ ಹೊದಿಸಲೇಬೇಕು. ದಪ್ಪ ಬಟ್ಟೆ, ಅದರ ತುಂಬ ಕನ್ನಡಿ ಚೂರು, ಸುತ್ತ ಗೊಂಡೆ. ಜೂಲವಿಲ್ಲದ ಎತ್ತಿನ ಹಿಂದೆ ಕುಳಿತು ಹೋಗುವವರು ಬಾಡಿಗೆ ಗಾಡಿಯವರು ಎಂದು ಲೆಕ್ಕ. ಕಾರು ಬಂದು ಎತ್ತುಗಳನ್ನು ಕೊಟ್ಟುಬಿಟ್ಟ ಮೇಲೆ ಅತ್ತೆಗೆ ಜೂಲಗಳ ಚಿಂತೆ ಹತ್ತಿತು. ಎರಡನ್ನೂ ಬಿಚ್ಚಿ ಒಂದು ಮಾಡಿ, ಕಾರಿನ ಮುಖದ ಅಳತೆಗೆ ತಾವೇ ಕೂತು ಹೊಲಿದರು. ದೀಪಗಳಿಗೆ ಎರಡು ತೂತು, ಹ್ಯಾಂಡಲ್ ಹೊಡೆಯಲು ಕೆಳಗೊಂದು ಸೀಳು. ನೀರಿನ ಪೆಟ್ಟಿಗೆ ಪೂರ್ತಿ ಮುಚ್ಚಿಹೋಗುತ್ತಿತ್ತು. ಊರಿನವರು ನಿಂತು ನೋಡುತ್ತಿದ್ದರು. ಮಾವ ಮೀಸೆ ಸವರಿಕೊಳ್ಳುತ್ತಿದ್ದರು.

ಗಂಡಸರು ಹತ್ತಿ ಬಜಾರಿಗೆ ಹೋಗಿ ಬಂದರೆ ಕಾರಿಗೆ ಏನೂ ಆಗುತ್ತಿರಲಿಲ್ಲ. ಹೆಂಗಸರು ಹತ್ತಿ ಊರು ದಾಟಿದರೆ ಸಾಕು, ಮುಚ್ಚಳದಿಂದ ಹೊಗೆಯಂಥ ಆವಿ, ಗುಳುಗುಳು ಸದ್ದು, ಕೆಳಗೆಲ್ಲ ಬಿಸಿನೀರು. ಮೊದಲ ಮೂರು ನಾಲ್ಕು ಸಲ ಎಲ್ಲರೂ ಹೊಸ ಎತ್ತಿನ ಚಾಳಿ ಎಂಬ ಹಾಗೆ ನಕ್ಕರು. ನಾದಿನಿಯ ನಿಶ್ಚಯದ ದಿನ ಆ ನಗು ನಿಂತಿತು.

ನಾದಿನಿ ಮನೆಗೆ ಒಬ್ಬಳೇ ಮಗಳು. ಗಂಡು ಆಲೂರಿನ ಕಡೆಯವನು. ಗಂಡಸರು ಹಿಂದಿನ ದಿನವೇ ಹೋಗಿದ್ದರು. ನಿಶ್ಚಯದ ತಾಟು ತೆಗೆದುಕೊಂಡು ಅತ್ತೆ, ನಾನು, ನನ್ನ ಭಾವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಮೂವರು ಕಾರಿನಲ್ಲಿ ಹೊರಟೆವು. ಆಲೂರು ಇನ್ನೂ ಎರಡು ಹರದಾರಿ ಇರುವಾಗ ಒಂದು ದಿಣ್ಣೆ ಬರುತ್ತದೆ. ಅದರ ಅರ್ಧಕ್ಕೆ ಕಾರು ನಿಂತಿತು. ಡ್ರೈವರ್ ಗೋಣಿಚೀಲ ಸುತ್ತಿಕೊಂಡು ಮುಚ್ಚಳ ತಿರುಗಿಸಿದ. ನೀರು ಆಳೆತ್ತರ ಹಾರಿ ಆತನ ಮೊಣಕೈ ತನಕ ಸುಟ್ಟಿತು. ಆತ ಕೈ ಜಾಡಿಸಿದ.

"ಇಳೀರಿ ಇಬ್ರೂ," ಅಂದರು ಅತ್ತೆ. "ನಿಮ್ಮೊಳಗ ಯಾರದು ಈ ಉರಿ?"

ನೆಗೆಣ್ಣಿಗೆ ಎಲ್ಲಿ ನಗಬೇಕು ಎಲ್ಲಿ ನಗಬಾರದು ಎಂಬುದು ತಿಳಿಯುತ್ತಿರಲಿಲ್ಲ. "ಉರಿ ನಂದಲ್ಲರೀ ಅತ್ತೀ, ನನಗ ಹಸಿವು ಅಷ್ಟ ಆಗೈತಿ," ಎಂದು ನಕ್ಕಳು.

"ಹಲ್ಲು ಮುಚ್ಚು. ಕೊಡ ತಗೊ."

ತಾಟಿನ ಜೊತೆ ಇದ್ದ ಹಿತ್ತಾಳೆ ಕೊಡದ ಅಕ್ಕಿ ಸುರಿದು, ರೇಷ್ಮೆ ಸೀರೆ ಎತ್ತಿ ಕಟ್ಟಿ, ನಾವಿಬ್ಬರೂ ಹೊಲದ ಬಾವಿಯಿಂದ ನೀರು ಹೊತ್ತೆವು. ಕರಿಮಣ್ಣಿನ ಹೊಲ, ಕೊಯ್ದ ಜೋಳದ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಜೂಲ ಒದ್ದೆಯಾಯಿತೆಂದು ಅತ್ತೆ ಅದನ್ನು ಬಿಚ್ಚಿಸಿ ಹಿಂದಿನ ಸೀಟಿನ ಮೇಲೆ ಹಾಸಿದರು. ಅಲ್ಲಿಂದ ಮುಂದೆ ಕಾರು ತೊಂದರೆ ಕೊಡಲಿಲ್ಲ. ಆದರೆ ನಾವು ಮುಟ್ಟುವ ಹೊತ್ತಿಗೆ ಗಳಿಗೆ ಮೀರಿತ್ತು. ಗಂಡಿನ ಅಜ್ಜಿ ತೆಲುಗಿನಾಕೆ. "ವೇಳ ದಾಟಿಪೋಯಿಂದಮ್ಮಾ," ಎಂದು ಬಾಗಿಲಲ್ಲೇ ಅಂದಳು. ಆಮೇಲೆ ನಮಗೆ ಚೆನ್ನಾಗಿ ತಿಳಿಯಲೆಂದು ಕನ್ನಡದಲ್ಲಿ ಇನ್ನೊಂದು ಸೇರಿಸಿದಳು: "ಬಂಡಿಗೇ ಇಷ್ಟು ಉರಿ ಇದ್ರ ಹುಡುಗೀಗೆ ಎಷ್ಟೈತೋ!" ಸಂಬಂಧ ಅಲ್ಲಿಗೇ ಮುರಿಯಿತು.

ಮಾವ ಡ್ರೈವರನನ್ನು ಕರೆದು, ಹದಿನೈದು ದಿನದಲ್ಲಿ ಸರಿಮಾಡು, ಇಲ್ಲದಿದ್ದರೆ ಬೇರೆ ಕಡೆ ನೋಡಿಕೋ ಅಂದರು. ಆತ ನನ್ನ ಅಪ್ಪನ ವಯಸ್ಸಿನ ಸಾಬ, ಮಾತು ಕಡಿಮೆ. ಕಾರು ನಿಲ್ಲುತ್ತಿದ್ದದ್ದು ಹಿಂದಿನ ದನದ ಕೊಟ್ಟಿಗೆಯಲ್ಲಿ, ನನ್ನ ಅಡುಗೆಮನೆಯ ಕಿಟಕಿಯ ಎದುರಿಗೆ. ಸೆರಗು ಮುಂದೆಳೆದುಕೊಂಡು ನಾನು ಎಲ್ಲ ನೋಡುತ್ತಿದ್ದೆ.

ಮೊದಲು ಆತ ಒಲೆಯ ಬೂದಿ ಕೇಳಿದ. ಕಾರಿನ ಕೆಳಗೆ ತೆಳ್ಳಗೆ ಹರಡಿದ. ಬೆಳಿಗ್ಗೆ ಬಗ್ಗಿ ನೋಡಿದರೆ ಬೂದಿಯ ಮೇಲೆ ಒಂದು ಹನಿಯ ಗುರುತಿಲ್ಲ, ಇಲಿಯ ಹೆಜ್ಜೆ ಮಾತ್ರ. ರಬ್ಬರ್ ಪೈಪುಗಳನ್ನು ಆಕಳ ಮೊಲೆ ಹಿಂಡಿದ ಹಾಗೆ ಹಿಂಡಿ ನೋಡಿದ. ಫ್ಯಾನಿನ ಪಟ್ಟಿ ಎಳೆದು ನೋಡಿದ. ನಮ್ಮ ಬಾವಿಯದು ಸವುಳು ನೀರು. ಬೇಳೆ ಬೇಯುವುದಿಲ್ಲ, ಪಾತ್ರೆಯ ತಳಕ್ಕೆ ಸುಣ್ಣ ಕಟ್ಟುತ್ತದೆ. ಕಾರಿನ ಹೊಟ್ಟೆಯಲ್ಲೂ ಅದೇ ಕಟ್ಟಿರಬೇಕೆಂದು ಸೋಡಾ ಕಲಸಿದ ಬಿಸಿನೀರು ಹಾಕಿ, ಓಡಿಸಿ, ಕೆಳಗಿನ ನಲ್ಲಿ ಬಿಟ್ಟ. ಕೆಂಪು ಗಸಿ ಬಂತು. ಆಮೇಲೆ ಕೆರೆಯ ನೀರು ತಂದು ತುಂಬಿದ. ಬೇವಿನ ಕಡ್ಡಿಗೆ ಚಾಕುವಿನಿಂದ ಗೀರು ಹಾಕಿ, ಹೊರಡುವ ಮುಂಚೆ ಒಮ್ಮೆ, ಬಂದು ಆರಿದ ಮೇಲೆ ಒಮ್ಮೆ ಅದ್ದಿ ಅಳೆದ. ಗಂಡಸರನ್ನು ಮೂರು ದಿನ ಬಿಸಿಲಲ್ಲಿ ಸುತ್ತಿಸಿ ಬಂದರೂ ನೀರು ಒಂದು ಬೆರಳೂ ಇಳಿಯಲಿಲ್ಲ. ನಾಲ್ಕನೇ ದಿನ ಅತ್ತೆಯೂ ನಾವೂ ಒಂದು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಿ ಬಂದೆವು. ದಾರಿಯಲ್ಲಿ ಎರಡು ಸಲ ಕುದಿಯಿತು.

ಅವತ್ತು ಮಧ್ಯಾಹ್ನ ಆತ ಕಿಟಕಿಯ ಹತ್ತಿರ ಬಂದು ಕುಡಿಯಲು ನೀರು ಕೇಳಿದ. ಸುಟ್ಟ ಕೈಗೆ ಅರಿಸಿನ ಮೆತ್ತಿಕೊಂಡಿದ್ದ.

"ಸೋರೋದಿಲ್ಲ ಅಮ್ಮಾ. ಕುದ್ದು ಹೋಗತೈತಿ," ಅಂದ. "ಗಂಡಸರಿದ್ರ ಕುದಿಯೋದಿಲ್ಲ. ಹೆಂಗಸರು ಹತ್ತಿದಾಗ ಏನು ಬದಲಾಗತೈತಿ ಹೇಳ್ರಿ?"

"ನಾವು," ಅಂದೆ.

"ನೀವು ಹತ್ತಿ ಮೂಟಿಗಿಂತ ಭಾರ ಅದೀರೇನು?" ಎಂದು ಗೂಟಕ್ಕೆ ನೇತುಹಾಕಿದ್ದ ಜೂಲದ ಕಡೆ ಗದ್ದ ಎತ್ತಿದ. "ಮೂಗಿಗೆ ಕಂಬಳಿ ಕಟ್ಟಿ ಓಡಿಸಿದ್ರ ಎತ್ತಾದ್ರೂ ಬದುಕತೈತೇನು? ಇದರ ಉಸಿರು ಮುಂದ ಐತಿ. ಹವಾ ಹೋಗಬೇಕು, ಒಳಗಿನ ನೀರು ಆರಬೇಕು. ನಾವು ಮುಖಾನ ಮುಚ್ಚೇವಿ."

ಅಷ್ಟೇ. ಮೂರನೇ ಕ್ಲಾಸು ಓದಿದ ನನಗೂ ತಿಳಿಯುವಂಥ ಮಾತು. ದಿಣ್ಣೆಯಲ್ಲಿ ಜೂಲ ಬಿಚ್ಚಿದ ಮೇಲೆ ಕಾರು ಸುಮ್ಮನೆ ಓಡಿದ್ದು ನನಗೆ ಆಗಲೇ ನೆನಪಾಯಿತು.

ಸಂಜೆ ಆತ ಅದನ್ನೇ ಮಾವನಿಗೆ ಹೇಳಿದ. ಮಾವ ಕಪಾಳಕ್ಕೆ ಹೊಡೆದ ಸದ್ದು ಅಡುಗೆಮನೆಗೆ ಕೇಳಿಸಿತು.

"ನನ್ನ ಮನಿ ಹೆಂಗಸರ ಮರ್ಯಾದಿ ನಿನಗ ಕಂಬಳಿ ಆತೇನಲೇ?"

ಅತ್ತೆ ಒಳಗಿನಿಂದಲೇ ಅಂದರು: "ಕೈಲಿ ಆಗದವ ಬಟ್ಟಿ ಮ್ಯಾಲೆ ಹಾಕತಾನ. ಬಿಡ್ರಿ, ನಾನ ಹುಡುಕತೀನಿ."

ಮಾವನಿಗೆ ಕಾರಿನ ಮೇಲೆ ಅನುಮಾನ ಪಡುವುದಕ್ಕಿಂತ ಸೊಸೆಯರ ಮೇಲೆ ಪಡುವುದು ಸುಲಭವಾಗಿತ್ತು. ಕಾರನ್ನು ತಾವು ಆರಿಸಿ ತಂದಿದ್ದರು. ನಮ್ಮನ್ನು ಅತ್ತೆ ಆರಿಸಿದ್ದು.

ಮರುದಿನ ಅತ್ತೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ಈ ಸೋಮವಾರ ಸಣ್ಣಾಕಿ. ಮುಂದಿನ ಸೋಮವಾರ ದೊಡ್ಡಾಕಿ. ಆಲೂರ ದಿಣ್ಣಿ ತನಕ ನನ್ನ ಕೂಡ ಬರ್ರಿ. ಯಾರು ಕುಂತಾಗ ಕುದಿತೈತಿ ಆಕಿ ತವರಿಗೆ. ಮತ್ತ ಕರೆಸೋ ಮಾತಿಲ್ಲ. ನನ್ನ ಮಗನಿಗೆ ಬ್ಯಾರೆ ಹೆಣ್ಣು ಹುಟ್ಟ್ಯಾಳ."

"ಇಬ್ರು ಕುಂತಾಗೂ ಕುದ್ರ?" ಎಂದು ಕೇಳಿದಳು ನೆಗೆಣ್ಣಿ.

"ಇಬ್ರೂ ಹೋಗ್ರಿ. ಮನಿ ತಣ್ಣಗಾಗತೈತಿ."

ಗಂಡನಿಗೆ ಹೇಳಿದೆ. "ಅವ್ವ ಏನಂತಾಳೋ ಅದು," ಎಂದು ಮಗ್ಗುಲು ತಿರುಗಿದ.

ನನಗೆ ಹೋಗುವುದಕ್ಕೆ ಜಾಗ ಇರಲಿಲ್ಲ. ಅಪ್ಪ ಅವ್ವ ಸತ್ತಿದ್ದರು. ನಾನು ಬೆಳಗಲ್ಲು ಬಿಟ್ಟ ದಿನವೇ ಅಣ್ಣನ ಹೆಂಡತಿ ನನ್ನ ಉಣ್ಣುವ ಗಂಗಾಳವನ್ನು ಎಮ್ಮೆಗೆ ಬೂಸಾ ಇಡಲು ತೆಗೆದುಕೊಂಡಿದ್ದಳು. ನಾನು ಇನ್ನೂ ಗಾಡಿ ಹತ್ತಿರಲಿಲ್ಲ, ನನ್ನ ಕಣ್ಣ ಮುಂದೆ. ನೆಗೆಣ್ಣಿಗೆ ಅಪ್ಪ ಇದ್ದ, ಹೊಲ ಇತ್ತು, ಹಬ್ಬಕ್ಕೊಮ್ಮೆ ಬುಟ್ಟಿ ಹೊತ್ತು ಬರುವ ಇಬ್ಬರು ಅಣ್ಣಂದಿರಿದ್ದರು. ಅವರು ತಂದ ಹುರಿದ ಶೇಂಗಾವನ್ನು ಆಕೆ ಮಡಿಲಲ್ಲಿ ಮುಚ್ಚಿಟ್ಟುಕೊಂಡು ಬಂದು ಅರ್ಧ ನನಗೇ ಕೊಡುತ್ತಿದ್ದಳು. ತಿಂದೆ. ತಿಂದದ್ದು ನೆನಪಿದೆ.

ಅತ್ತೆ ತಳ್ಳಿಹಾಕಿದ ಜೂಲದ ಮಾತನ್ನು ನಾನು ಮತ್ತೆ ಎತ್ತುವ ಹಾಗಿರಲಿಲ್ಲ. ಡ್ರೈವರನ ಕೂಡ ಕಿಟಕಿಯಲ್ಲಿ ಮಾತಾಡಿದೆ ಎಂಬುದೊಂದೇ ಸಾಕಿತ್ತು ನನ್ನನ್ನು ಹೊರಗೆ ಹಾಕಲು. ಡ್ರೈವರನ ಮಾತು ಕೇಳಿಸಿಕೊಂಡಿರದ ನೆಗೆಣ್ಣಿಗೆ ಹೇಳಬಹುದಿತ್ತು. ಆಕೆಯ ಬಾಯಲ್ಲಿ ಮಾತು ಒಂದು ಊಟದ ಹೊತ್ತೂ ನಿಲ್ಲುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಬ್ಬರೂ ಕುದಿಸದೆ ತಿರುಗಿ ಬಂದರೆ ಅತ್ತೆ ಇನ್ನೊಂದು ಪರೀಕ್ಷೆ ಹುಡುಕುತ್ತಿದ್ದರು. ಮಗಳ ಸಂಬಂಧ ಮುರಿದಿತ್ತು. ಅವರಿಗೆ ಒಬ್ಬಳು ಬೇಕಾಗಿತ್ತು. ಆ ಒಬ್ಬಳು ನಾನಾಗಬಾರದು ಎಂದುಕೊಂಡೆ. ಇಷ್ಟೇ ನನ್ನ ಯೋಚನೆ. ಇದರಲ್ಲಿ ಅಳು ಇರಲಿಲ್ಲ.

ಸೋಮವಾರ ಬೆಳಿಗ್ಗೆ ಹಾಲು ಕರೆಯಲು ಹೋದವಳು ಜೂಲವನ್ನು ಗೂಟದಿಂದ ತೆಗೆದು ಕರುವಿನ ಮುಂದೆ ಎಸೆದೆ. ಕರು ಎರಡು ಗೊಂಡೆ ಅಗಿದು ನುಂಗಿತು, ಉಳಿದದ್ದಕ್ಕೆ ಜೊಲ್ಲು ಸುರಿಸಿತು. ಸಗಣಿ ಸಾಲದೆಂದು ನಾನೇ ಕಾಲಲ್ಲಿ ತುಳಿದು ಮೆತ್ತಿಸಿದೆ. ಆಮೇಲೆ ಕೂಗಿದೆ.

ಅತ್ತೆ ಬಂದು ನೋಡಿ ಕರುವನ್ನು ಬೈದರು, ಗೂಟವನ್ನು ಬೈದರು, ಡ್ರೈವರನನ್ನು ಬೈದರು. ಹೊಲಸಾದದ್ದನ್ನು ಕಟ್ಟುವ ಹಾಗಿರಲಿಲ್ಲ. ಸೋಮವಾರ ತಪ್ಪಿಸುವ ಹಾಗೂ ಇರಲಿಲ್ಲ. "ನಡೀರಿ ಹಂಗ. ಬಯಲಾಗ ಯಾರು ನೋಡತಾರ," ಅಂದರು.

ದಾರಿಯುದ್ದಕ್ಕೂ ಅತ್ತೆ ನನ್ನ ಮುಖ ನೋಡಲಿಲ್ಲ, ಆ ಹಿತ್ತಾಳೆಯ ಮುಚ್ಚಳವನ್ನೇ ನೋಡುತ್ತಿದ್ದರು. ದಿಣ್ಣೆ ಹತ್ತಿದೆವು, ಇಳಿದೆವು, ತಿರುಗಿ ಹತ್ತಿದೆವು. ನೊಣ ಹಾರಿದಷ್ಟೂ ಆವಿ ಇಲ್ಲ. ಮನೆಗೆ ಬಂದು ಆರಿದ ಮೇಲೆ ಡ್ರೈವರ್ ಮುಚ್ಚಳ ತೆಗೆದು ಕಡ್ಡಿ ಅದ್ದಿದ. ಅತ್ತೆಗೆ ಗೀರು ತೋರಿಸಿದ. ಅವರು ಒಳಗೆ ಹೋದ ಮೇಲೆ ನನ್ನ ಕಡೆ ನೋಡಿದ. ನಾನೂ ನೋಡಿದೆ. ಆತನಿಗೆ ತಿಳಿಯಿತು ಎಂದು ನನಗೆ ತಿಳಿಯಿತು.

"ನೀ ಪಾರಾದಿ," ಅಂದರು ಅತ್ತೆ ಊಟಕ್ಕೆ ಬಡಿಸುವಾಗ. ಅವತ್ತು ನನಗೆ ತುಪ್ಪ ಹಾಕಿದರು.

ಜೂಲ ತೊಳೆದು ಹೊಲಿಯುವ ಕೆಲಸ ನೆಗೆಣ್ಣಿಯ ಪಾಲಿಗೆ ಬಂತು. ಮೂರು ದಿನ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಬಿದ್ದ ಕನ್ನಡಿಗಳನ್ನು ಒಂದೊಂದಾಗಿ ಹೊಲಿದಳು. ಹೊಸ ಗೊಂಡೆ ಕಟ್ಟಿದಳು. ಕೈಕೆಲಸದಲ್ಲಿ ಆಕೆಯನ್ನು ಮೀರಿಸುವವರು ಆ ಮನೆಯಲ್ಲಿ ಇರಲಿಲ್ಲ. ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ.

"ಬಟ್ಟಿ ಜಾಳಾಗೈತಿ ತಂಗೀ. ಒಳಗ ಅಸ್ತರ ಹಾಕಲೇನ?"

"ಹಾಕಕ್ಕ," ಅಂದೆ. "ದಪ್ಪಂದು ಹಾಕು. ಗಟ್ಟಿ ನಿಲ್ಲತೈತಿ."

ಹಳೇ ಜಮಖಾನದ ತುಂಡು ತಂದು ಕೊಟ್ಟವಳೂ ನಾನೇ.

"ನಿಂದು ಪಾಸಾತು. ನಂದೂ ಆದ್ರ ಅತ್ತಿ ಏನ್ ಮಾಡತಾರವ್ವ? ನಾದಿನಿನ ಕೂಡಸತಾರೇನು?" ಎಂದು ನಕ್ಕಳು. ನಾನೂ ನಕ್ಕೆ.

ಮುಂದಿನ ಸೋಮವಾರ ನಡೆದದ್ದು ಕಣ್ಣಾರೆ ಕಂಡದ್ದಲ್ಲ. ಅತ್ತೆಯೇ ಹತ್ತು ಸಲ ಹೇಳಿದ್ದು. ದಿಣ್ಣೆ ತನಕವೂ ಹೋಗಲಿಲ್ಲವಂತೆ, ಅದಕ್ಕೂ ಮುಂಚೆಯೇ ಕುದಿಯಿತಂತೆ. ನೀರು ಹಾಕಿ ಮತ್ತೆ ಕಟ್ಟಿ ಹೊರಟರೆ ದಿಣ್ಣೆಯ ಬುಡದಲ್ಲಿ ಇನ್ನೊಮ್ಮೆ. ಅತ್ತೆ ಅವಳನ್ನು ಮನೆಗೆ ತಿರುಗಿ ಕರೆದುಕೊಂಡು ಬರಲಿಲ್ಲ. ಹತ್ತಿರದ ಹಳ್ಳಿಯಿಂದ ಎತ್ತಿನ ಗಾಡಿ ಕರೆಸಿ, ಅಲ್ಲಿಂದ ಅಲ್ಲಿಗೇ ಚಿಪ್ಪಗಿರಿಗೆ ಹಾಕಿ ಕಳಿಸಿದರು. ಉಟ್ಟ ಸೀರೆಯಲ್ಲಿ ಹೋದಳು. ಗಾಡಿ ಬರುವ ತನಕ ಆಕೆ ಕಾರಿನ ನೆರಳಲ್ಲೂ ಕೂರಬಾರದೆಂದು ದೂರದ ಜಾಲಿಮರದ ಕೆಳಗೆ ಕೂರಿಸಿದ್ದರಂತೆ.

ತಿರುಗಿ ಬರುವಾಗ ಕಾರಿನಲ್ಲಿ ಅತ್ತೆ ಒಬ್ಬರೇ. ಜೂಲವಿಲ್ಲದೆ ಊರೊಳಗೆ ಬಂದರೆ ಜನ ಏನೋ ಆಗಿದೆ ಅನ್ನುತ್ತಾರೆಂದು ಒಣಗಿದ್ದನ್ನು ಮತ್ತೆ ಕಟ್ಟಿಸಿದ್ದರು. ಕಾರು ಮತ್ತೆ ಕುದಿಯಿತು. ಮಾವ ಬಾಗಿಲಲ್ಲಿ ಕೇಳಿದರು, ಆಕಿ ಇರಲಿಲ್ಲಲ್ಲ, ಈಗ ಯಾಕ ಕುದೀತು ಎಂದು.

"ಆಕಿ ಕುಂತ ಜಾಗ ಇನ್ನೂ ಬಿಸಿ ಐತ್ರಿ," ಅಂದರು ಅತ್ತೆ.

ಡ್ರೈವರ್ ಜೂಲ ಬಿಚ್ಚಿ ತಂದು ನನ್ನ ಕಿಟಕಿಯ ಕಟ್ಟೆಯ ಮೇಲೆ ಇಟ್ಟ. "ಒಣಗಿಸ್ರಿ ಅಮ್ಮಾ. ಅಸ್ತರ ಚೆಂದ ಹಿಡಿದೈತಿ," ಅಂದ. ಆತನೂ ಒಂದು ಮಾತು ಹೇಳಬಹುದಿತ್ತು. ಮೊದಲ ಸಲ ಹೇಳಿ ಕಪಾಳಕ್ಕೆ ತಿಂದಿದ್ದ, ಎರಡನೇ ಸಲ ಕೆಲಸ ಹೋಗುತ್ತಿತ್ತು. ಆತನಿಗೂ ಹೆಂಡತಿ ಮಕ್ಕಳಿದ್ದರು. ನನಗೆ ಆತನ ಮೇಲೆ ಸಿಟ್ಟಿಲ್ಲ. ಆತನಿಗೆ ನನ್ನ ಮೇಲೆ ಇತ್ತೋ ಏನೋ, ಅಂದಿನಿಂದ ನನ್ನ ಕಿಟಕಿಯಲ್ಲಿ ನೀರು ಕೇಳಲಿಲ್ಲ.

ಇನ್ನು ಉಳಿದದ್ದು ಜೂಲ. ಅದು ಮನೆಯಲ್ಲಿದ್ದರೆ ಕಾರು ಮತ್ತೆ ಕುದಿಯುತ್ತಿತ್ತು, ಆಗ ಉಳಿದವಳು ನಾನೊಬ್ಬಳೇ. ನೆಗೆಣ್ಣಿಯ ಟ್ರಂಕು ಕಳಿಸಲು ಸೀರೆ ಮಡಚುತ್ತಿದ್ದಾಗ ಅತ್ತೆಗೆ ಅಂದೆ: "ಅತ್ತೀ, ಇದರ ತುಂಬ ಆಕಿ ಕೈಯಿ ಐತ್ರಿ. ಮೂರು ದಿನ ತೊಡಿ ಮ್ಯಾಲೆ ಇಟ್ಕೊಂಡು ಹೊಲದಾಳ. ಇದು ಈ ಮನ್ಯಾಗ ಇರಬೇಕೇನ್ರಿ?"

ಅತ್ತೆ ಜೂಲವನ್ನು ತಿರುವಿ ನೋಡಿದರು. ತಮ್ಮ ಕೈಯ ಹೊಲಿಗೆಯೂ ಅದರಲ್ಲಿ ಇತ್ತಲ್ಲ. ಕೊನೆಗೆ ಟ್ರಂಕಿನೊಳಗೆ ತಾವೇ ತುರುಕಿದರು.

ಆಮೇಲೆ ಕಾರು ಕುದಿಯಲಿಲ್ಲ. ಒಂದು ಸಲವೂ ಇಲ್ಲ. ಹೊಸ ಜೂಲ ಹೊಲಿಯುವುದಕ್ಕೆ ಅತ್ತೆಯ ಕಣ್ಣು ಸಾಗಲಿಲ್ಲ, ನನಗೆ ಹೊಲಿಗೆ ಬರುವುದಿಲ್ಲ ಎಂದು ನಾನು ಹೇಳಿದ್ದೆ. ನಾದಿನಿಗೆ ಸಂಬಂಧ ಕೂಡಿಬಂತು. ಭಾವ ವರ್ಷದೊಳಗೆ ಇನ್ನೊಂದು ಮದುವೆಯಾದ. ಎಲ್ಲರೂ ಅತ್ತೆಯ ಪರೀಕ್ಷೆಯನ್ನು ಹೊಗಳಿದರು. ಯುದ್ಧ ಬಂದು ಪೆಟ್ರೋಲಿಗೆ ಕೂಪನ್ ಆಯಿತು. ಕಾರು ಕೊಟ್ಟಿಗೆಯಲ್ಲೇ ನಿಂತು, ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತು.

ಯುದ್ಧ ಮುಗಿಯುವ ಹೊತ್ತಿಗೆ ನಾನು ಗುಂತಕಲ್ಲಿನಲ್ಲಿ ಒಂದು ಮದುವೆ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆ. ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಬಸ್ಸು. ನೀರು ಹಾಕಿಕೊಳ್ಳಲು ಚಿಪ್ಪಗಿರಿಯಲ್ಲಿ ನಿಲ್ಲಿಸಿದರು. ಕಿಟಕಿಯಿಂದ ನೋಡಿದರೆ ರಸ್ತೆಯ ಆಚೆ, ಬೇವಿನ ಮರದ ಹತ್ತಿರ, ಎಮ್ಮೆಯ ಹಗ್ಗ ಹಿಡಿದು ನಿಂತಿದ್ದವಳು ನನ್ನ ನೆಗೆಣ್ಣಿ. ಬಡವಾಗಿದ್ದಳು. ಗುರುತು ಹಿಡಿದು ಅದೇ ನಗು ನಕ್ಕಳು. ಹತ್ತಿರ ಬರಲಿಲ್ಲ. ಅಲ್ಲಿಂದಲೇ, ಬಸ್ಸಿನವರೆಲ್ಲ ಕೇಳುವ ಹಾಗೆ ಕೂಗಿದಳು.

"ತಂಗೀ! ಅರಾಮ ಅದೀಯೇನವ್ವ? ಮಕ್ಕಳು?"

"ಎರಡು," ಅಂದೆ. "ನೀ?"

"ನಾ ಹಿಂಗ. ಅಣ್ಣನ ಮನ್ಯಾಗ. ಈಗ ಕಾರು ಕುದಿತೈತೇನು?"

"ಇಲ್ಲ."

"ನೋಡು ಮತ್ತ! ನಾ ಬಂದ ಮ್ಯಾಲೆ ಸರಿ ಆತು. ಅತ್ತಿ ಹೇಳಿದ್ದು ಖರೇನ ಇತ್ತು." ಎಮ್ಮೆ ಎಳೆಯಿತು, ಆಕೆ ಹಗ್ಗ ಸುತ್ತಿಕೊಂಡಳು. "ಆ ಜೂಲ ನನ್ನ ಹತ್ರ ಐತಿ. ಥಂಡಿ ದಿನದಾಗ ಹೊದ್ಕೊಂತೀನಿ. ಅಸ್ತರ ದಪ್ಪಂದು ಹಾಕಂತ ನೀನ ಹೇಳಿದ್ದಿ. ಭಾಳ ಬೆಚ್ಚಗ ಐತಿ."

"ಇತ್ತ ಬಾ ಅಕ್ಕ. ಅಷ್ಟು ದೂರ ಯಾಕ ನಿಂತಿ?"

"ಬ್ಯಾಡವ್ವ, ಗಾಡಿ ಕುದ್ದೀತು. ನೀ ಹೊತ್ತು ಮುಳುಗೋದ್ರೊಳಗ ಮನಿ ಮುಟ್ಟಬೇಕಲ್ಲ."

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಕಂಡಕ್ಟರ್ ಇನ್ನೂ ಕೊಡದಿಂದ ನೀರು ಸುರಿಯುತ್ತಿದ್ದ. ಜೂಲ ಮುಖ ಮುಚ್ಚಿತ್ತು, ನಿನ್ನ ಕಾಲಲ್ಲಿ ಏನೂ ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಹೇಳಿದ್ದರೆ ಆಕೆ ಕೇಳುತ್ತಿದ್ದಳು, ನಿನಗೆ ಯಾವಾಗ ಗೊತ್ತಾಯಿತು ಎಂದು. ಅದನ್ನೂ ಕೂಗಿಯೇ ಕೇಳುತ್ತಿದ್ದಳು. ನಾನು ಸೆರಗು ಸರಿಮಾಡಿಕೊಂಡೆ. ಬಸ್ಸು ಹೊರಟಿತು. ಅದು ತಿರುವು ದಾಟುವ ತನಕ ಆಕೆ ಎಮ್ಮೆಯನ್ನು ಹಿಂದಕ್ಕೆ ಎಳೆದು ಹಿಡಿದುಕೊಂಡೇ ಇದ್ದಳು.

ಆಲೂರು ದಾಟಿ ದಿಣ್ಣೆ ಹತ್ತುವಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ಕೇಳಿದಳು: "ಯಾರ್ರೀ ಆಕಿ, ಅಷ್ಟು ದೂರದಾಗ ನಿಂತು ಮಾತಾಡಿದಾಕಿ?"

"ನಮ್ಮ ಮನ್ಯಾಗ ಇದ್ಲು," ಅಂದೆ. "ಕಾಲ್ಗುಣ ಸರಿ ಇಲ್ಲ."